ಅಂಕಿ ಸರಿ ಇದ್ದರೆ ಗುಳಿಗೆ ಸರಿ: ಉಪಕೇಂದ್ರದಲ್ಲಿ ನಾನು ಬಿಪಿ ನೋಡುವ ಕ್ರಮ

ಗದಗ ಜಿಲ್ಲೆಯ ರೋಣದ ಕಡೆ, ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಅರ್ಧ ದಿನ ಬಿಪಿಯಲ್ಲೇ ಹೋಗುತ್ತದೆ. ನರ್ಸಿಂಗ್ ಓದಿನ ಮೇಲೆ ಆರು ತಿಂಗಳ ತರಬೇತಿ ಪಡೆದ ನಮಗೆ ತಪಾಸಣೆ, ಶುರುವಾದ ಗುಳಿಗೆ ಮುಂದುವರಿಸುವುದು, ರೆಫರ್ ಮಾಡುವುದು ಸೇರಿದ್ದು. ಬಿಪಿ ಗುಳಿಗೆ ಹೊಸದಾಗಿ ಶುರು ಮಾಡುವುದು, ಡೋಸ್ ಬದಲಿಸುವುದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರದ್ದು. ಅವರು ಬರೆಯುವುದು ನಾನು ಕಳಿಸಿದ ಅಂಕಿ ನೋಡಿ. ಹೀಗಾಗಿ ನನ್ನ ಹೊಣೆ ತೋಳಿಗೆ ಬಿಪಿ ಯಂತ್ರದ ಪಟ್ಟಿ ಕಟ್ಟುವಲ್ಲೇ ಶುರು.

ಹೊಲದಿಂದ ನಡೆದು ಬಂದವರನ್ನು ಐದು ನಿಮಿಷ ಕೂರಿಸುತ್ತೇನೆ. ಚಾ ಕುಡಿದು, ತಂಬಾಕು ಹಾಕಿ ಬಂದಿದ್ದರೆ ಅರ್ಧ ತಾಸು. ಮೂತ್ರಕ್ಕೆ ಹೋಗಿ ಬರಲು ಹೇಳುವುದನ್ನು ಬಹಳ ಮಂದಿ ಮರೆಯುತ್ತಾರೆ; ತಡೆದು ಕೂತರೆ ಬಿಪಿ ಏರುತ್ತದೆ. ಬೆನ್ನಿಗೆ ಆಸರೆ ಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು.

ನಮ್ಮಲ್ಲಿ ದೊಡ್ಡ ತೊಡಕು ಕುಪ್ಪಸದ ಬಿಗಿ ತೋಳು. ಅದರ ಮೇಲೇ ಪಟ್ಟಿ ಕಟ್ಟಿದರೂ ತಪ್ಪು, ಮೇಲಕ್ಕೆ ಒತ್ತಿ ಸುತ್ತಿದರೂ ತಪ್ಪು: ಸುರುಳಿಯೇ ತೋಳನ್ನು ಬಿಗಿಯುತ್ತದೆ. ಪರದೆ ಎಳೆದು ಕುಪ್ಪಸದ ತೋಳು ಬಿಡಿಸುವುದೇ ದಾರಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಗೆ, ದಪ್ಪ ತೋಳಿಗೆ ಅದನ್ನೇ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಅಳೆಯುವಾಗ ಅವರೂ ಮಾತಾಡಬಾರದು, ನಾನೂ ಕೇಳಬಾರದು. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆಯುತ್ತೇನೆ.

ನಾಡಿ ತಾಳ ತಪ್ಪಿದ್ದರೆ ಡಿಜಿಟಲ್ ಯಂತ್ರವನ್ನು ನಂಬುವುದಿಲ್ಲ. ಸ್ಟೆತೊಸ್ಕೋಪ್ ಹಿಡಿದು ಕೈಯಿಂದಲೇ ಅಳೆಯುತ್ತೇನೆ.

140/90 ದಾಟಿದವರು ವೈದ್ಯರ ಬಳಿ ಹೋಗಬೇಕು. 180/110 ದಾಟಿದರೆ ಅದೇ ದಿನ ಫೋನ್. ಜೊತೆಗೆ ಎದೆನೋವು, ತೊದಲು ಮಾತು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಮೊದಲು 108 ಆಂಬುಲೆನ್ಸ್. ಬಿಪಿ ಇಳಿಸುವ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಹಳೆಯ ರೂಢಿ ಬೇಡವೇ ಬೇಡ. ಬಿಪಿ ಧಡಕ್ಕನೆ ಇಳಿದು ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದಾಗುತ್ತದೆ. ಗರ್ಭಿಣಿಗೆ 140/90 ಕಂಡರೆ ಈ ಲೆಕ್ಕವೇ ಬೇರೆ. ಅಂದೇ ಕಳಿಸುತ್ತೇನೆ, ತಲೆನೋವು, ಕಣ್ಣು ಮಂಜು ಇದ್ದರಂತೂ ಕಾಯುವ ಮಾತೇ ಇಲ್ಲ.

ಫೋನಿನಲ್ಲಿ ನಾಲ್ಕೇ ಮಾತು: ಯಾರು, ಈಗ ಏನಾಗಿದೆ; ಹಿಂದಿನ ಕಾಯಿಲೆ, ಗುಳಿಗೆ; ನಾನು ಕಂಡ ಅಂಕಿ, ಲಕ್ಷಣ; ನಿಮ್ಮಿಂದ ಏನು ಬೇಕು. ವೈದ್ಯರು ಹೇಳಿದ್ದನ್ನು ಬರೆದುಕೊಂಡು ತಿರುಗಿ ಓದಿ ಹೇಳುತ್ತೇನೆ. “ಐದಾ, ಹತ್ತಾ ಸರ್?” ಎಂದು ಕೇಳಲು ಸಂಕೋಚ ಪಟ್ಟರೆ ಬಿಪಿ ಗುಳಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ. 10 ಆಗಿಬಿಡುತ್ತದೆ.

“ಗುಳಗಿ ತಗೋತೀರೇನು?” ಎಂದರೆ ಎಲ್ಲರೂ “ಹೂಂ ರೀ” ಎನ್ನುತ್ತಾರೆ. ಅದಕ್ಕೆ ಗುಳಿಗೆಯ ಹಳೆಯ ಸ್ಟ್ರಿಪ್ ತರಿಸಿ ಉಳಿದದ್ದನ್ನು ಎಣಿಸುತ್ತೇನೆ. 30ರಲ್ಲಿ 12 ಉಳಿದಿದ್ದರೆ ಏರಿದ ಬಿಪಿಗೆ ಕಾರಣ ಅಲ್ಲೇ ಇದೆ. ಡೋಸ್ ಏರಿಸಿ ಎಂದು ವೈದ್ಯರಿಗೆ ಹೇಳಬೇಕಿಲ್ಲ. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ನುಂಗುತ್ತಿದ್ದಾರೆಯೇ ಎಂದೂ ಕೇಳುತ್ತೇನೆ, ಅದೂ ಬಿಪಿ ಏರಿಸುತ್ತದೆ. ಅಮ್ಲೋಡಿಪಿನ್‌ನಿಂದ ಪಾದ ಬಾತರೆ ತಾವೇ ನಿಲ್ಲಿಸದೆ ತೋರಿಸಲಿ. ಬಿಪಿಗೆ ಟೆಲ್ಮಿಸಾರ್ಟಾನ್ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಗಳಿಗೆ ಮುಟ್ಟು ತಪ್ಪಿದೆಯೇ ಎಂದು ಪ್ರತಿ ಸಲವೂ ಕೇಳಲೇಬೇಕು. ಅದು ಹೊಟ್ಟೆಯ ಕೂಸಿಗೆ ಹಾನಿ.

ರಿಜಿಸ್ಟರಿನಲ್ಲಿ ತಪ್ಪಿದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ, ಸಹಿ, ದಿನಾಂಕ. ವೈಟ್ನರ್ ಹಚ್ಚುವುದಿಲ್ಲ. ಪುಟದ ತುಂಬ 130/80, 140/90 ಎಂಬ ದುಂಡು ಅಂಕಿಗಳೇ ಇದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ ಎಂದೇ ಅರ್ಥ.

ಸುಗ್ಗಿ ಮುಗಿದು ಗೋವಾಕ್ಕೆ ಗುಳೆ ಹೊರಡುವವರಿಗೆ ಒಂದು ತಿಂಗಳ ಗುಳಿಗೆ ಸಾಲದು. ಹೊರಡುವ ವಾರ ಮೊದಲೇ ವೈದ್ಯರಿಂದ ಹೆಚ್ಚಿನದನ್ನು ಬರೆಸಿಟ್ಟು, ಕಾರ್ಡಿನ ಮೇಲೆ ಗುಳಿಗೆಯ ಹೆಸರು, ಡೋಸ್ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ.