ಥೀಮ್ ತಾನಾಗಿ ಹುಟ್ಟುವುದಿಲ್ಲ: ಸಂದರ್ಶನದ ಮಾತುಗಳನ್ನು ವಿಶ್ಲೇಷಿಸುವ ಬಗೆ

ಗುಣಾತ್ಮಕ ಸಂಶೋಧನೆ, ಅಂದರೆ ಅಂಕಿಗಳ ಬದಲು ಜನರ ಮಾತು, ಅನುಭವಗಳ ಅಧ್ಯಯನ ಮಾಡುವವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಇಪ್ಪತ್ತು ಸಂದರ್ಶನ ಮುಗಿದಿರುತ್ತದೆ. ಜನ ಮನಸ್ಸು ಬಿಚ್ಚಿ ಮಾತಾಡಿರುತ್ತಾರೆ. ಆದರೆ ವರದಿಯಲ್ಲಿ ‘ಕುಟುಂಬ’, ‘ಹಣ’, ‘ಆರೋಗ್ಯ’ ಎಂಬ ಮೂರು ತಲೆಬರಹ, ಅವುಗಳ ಕೆಳಗೆ ಒಂದಷ್ಟು ಹೇಳಿಕೆ. ಇದು ವಿಂಗಡಣೆ, ವಿಶ್ಲೇಷಣೆ ಅಲ್ಲ. ಹಲವರ ಮಾತುಗಳ ಹಿಂದಿರುವ ಒಂದೇ ಅರ್ಥವನ್ನು, ಅಂದರೆ ಥೀಮನ್ನು, ಕಟ್ಟಿ ಹೇಳುವುದು ವಿಶ್ಲೇಷಣೆ. ಇಂಥ ಕರಡುಗಳನ್ನು ಓದುವಾಗ ನನಗೆ ಪ್ರತಿ ಸಲ ಸಂಕಟವಾಗುತ್ತದೆ. ನಂಬಿ ಹೇಳಿಕೊಂಡವರ ಮಾತು ಅಲ್ಲಿ ಸುಮ್ನೆ ಬಿದ್ದಿರುತ್ತದೆ.

ಹಂತ 1: ಬರಹಕ್ಕೆ ಇಳಿಸಿ

ಒಂದು ಗಂಟೆಯ ಧ್ವನಿಯನ್ನು ಕೈಯಾರೆ ಟೈಪ್ ಮಾಡಲು ನಾಲ್ಕರಿಂದ ಆರು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ತಾನಾಗಿ ಬರೆದುಕೊಡುವ ಸಾಫ್ಟ್‌ವೇರ್ ಬಳಸಿ, ತಪ್ಪಿಲ್ಲ. ಆದರೆ ಧ್ವನಿ ಕೇಳುತ್ತಾ ಒಂದು ಸಲ ತಿದ್ದಲೇಬೇಕು. ‘ನೋಡ್ಕೋತಾರೆ’ ಎನ್ನುವ ಮುಂಚೆ ಮಾತಾಡಿದಾಕೆ ಐದು ಸೆಕೆಂಡು ಸುಮ್ಮನಿದ್ದರು ಎಂಬುದನ್ನು ಸಾಫ್ಟ್‌ವೇರ್ ಬಿಟ್ಟುಬಿಡಬಹುದು. ಆ ಮೌನವೂ ದತ್ತಾಂಶವೇ. ಹೆಸರು, ಗುರುತುಗಳನ್ನು ಇಲ್ಲೇ ತೆಗೆದುಬಿಡಿ.

ಹಂತ 2: ಎಲ್ಲವನ್ನೂ ಎರಡು ಸಲ ಓದಿ, ಗುರುತು ಹಾಕದೆ.

ಹಂತ 3: ಕೋಡ್ ಹಾಕಿ

ಮಾತಿನ ಒಂದು ತುಣುಕಿಗೆ ಕೊಡುವ ಪುಟ್ಟ ಹೆಸರೇ ಕೋಡ್. ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಮಗಳು ಹೀಗೆ ಹೇಳಿದಳು ಎಂದುಕೊಳ್ಳಿ: ‘ಮಾತ್ರೆ ಟೈಮಿಂದ ಹಿಡಿದು ಎಲ್ಲಾ ನಾನೇ. ಅಣ್ಣ ಫೋನ್ ಮಾಡಿ ವಿಚಾರಿಸ್ತಾನೆ, ಅಷ್ಟೇ.’ ಇದಕ್ಕೆ ‘ಜವಾಬ್ದಾರಿ’ ಎಂದು ಕೋಡ್ ಹಾಕಿದರೆ ಕೈಗೆ ಏನೂ ಸಿಗುವುದಿಲ್ಲ. ‘ದೂರದಿಂದ ವಿಚಾರಿಸುವುದನ್ನು ನೆರವು ಎಂದು ಒಪ್ಪದಿರುವುದು’ ಎಂದು ಹಾಕಿ. ಉದ್ದವಾಯಿತು, ಅಲ್ವಾ? ಇರಲಿ. ಯಾರು ಏನು ಮಾಡುತ್ತಿದ್ದಾರೆ ಎಂಬುದು ಕೋಡ್‌ನಲ್ಲೇ ಕಾಣಬೇಕು. ಮೊದಲ ಮೂರು ಸಂದರ್ಶನಗಳನ್ನು ಕಾಗದದ ಮೇಲೆ, ಪೆನ್ಸಿಲಿನಲ್ಲೇ ಮಾಡಿ. ಆಮೇಲೆ ಬೇಕಾದರೆ ಟ್ಯಾಗೆಟ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ದುಬಾರಿ ಪ್ಯಾಕೇಜ್ ಕೊಂಡರೂ ಯೋಚಿಸಬೇಕಾದವರು ನೀವೇ.

ಹಂತ 4: ಕೋಡ್‌ನಿಂದ ಥೀಮ್‌ಗೆ

ಕೆಲಸ ಕೆಡುವುದು ಇಲ್ಲೇ. ಮನಶ್ಶಾಸ್ತ್ರ ಸಂಶೋಧಕಿಯರಾದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಥೀಮ್ ವಿಶ್ಲೇಷಣೆಯನ್ನು ಆರು ಹಂತಗಳಲ್ಲಿ ವಿವರಿಸಿದರು. ದತ್ತಾಂಶದಿಂದ ಥೀಮ್ ತಾನಾಗಿ ‘ಹೊರಬಂತು’ ಎನ್ನುವುದನ್ನು ಅವರು ಆಗಲೇ ಆಕ್ಷೇಪಿಸಿದ್ದರು. ಥೀಮ್ ಕಟ್ಟುವವರು ನೀವು. ಹಾಗಾಗಿ ಅದಕ್ಕೆ ಹೊಣೆಯೂ ನೀವೇ.

ಕೋಡ್‌ಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ. ಒಂದೇ ವಿಷಯದ ಚೀಟಿಗಳನ್ನು ಒಟ್ಟಿಗೆ ಹಾಕಬೇಡಿ. ಒಂದೇ ಅರ್ಥ ಹೇಳುವವನ್ನು ಹಾಕಿ. ಫೋನ್ ಮಾಡುವ ಅಣ್ಣ, ದುಡ್ಡು ಕಳಿಸುವ ತಂಗಿ, ಹಬ್ಬಕ್ಕೆ ಬಂದು ಸಲಹೆ ಕೊಡುವ ನೆಂಟರು: ವಿಷಯ ಬೇರೆ ಬೇರೆ. ಆದರೆ ಮೂರರ ಹಿಂದೆಯೂ ‘ಜೊತೆಗಿಲ್ಲದವರ ಕಾಳಜಿ ನನ್ನ ಕೆಲಸವನ್ನು ಕಡಿಮೆ ಮಾಡುವುದಿಲ್ಲ’ ಎಂಬ ಮಾತಿದೆ. ಥೀಮ್ ಎಂದರೆ ಅದು. ಪರೀಕ್ಷೆ ಸುಲಭ: ನಿಮ್ಮ ಥೀಮ್ ಪೂರ್ತಿ ವಾಕ್ಯವಾಗಬೇಕು, ಯಾರಾದರೂ ‘ಹಾಗಿಲ್ಲ’ ಎಂದು ವಾದಿಸುವಂತಿರಬೇಕು. ‘ಕುಟುಂಬ’ ಎಂಬುದರ ಜೊತೆ ಯಾರು ತಾನೇ ವಾದಿಸುತ್ತಾರೆ?

ಈಗ ಎಲ್ಲ ಸಂದರ್ಶನಗಳಿಗೆ ವಾಪಸ್ ಹೋಗಿ, ಈ ವಾಕ್ಯಕ್ಕೆ ಒಗ್ಗದವರನ್ನು ಬೇಕೆಂದೇ ಹುಡುಕಿ. ‘ಅಣ್ಣನ ಫೋನ್ ಬಂದರೆ ನನಗೆ ಅರ್ಧ ಭಾರ ಇಳಿದ ಹಾಗೆ’ ಎಂದ ಒಬ್ಬಳು ಸಿಕ್ಕರೆ ಅವಳನ್ನು ಬಿಡಬೇಡಿ. ಅವಳ ಅಣ್ಣ ಏನು ಮಾತಾಡುತ್ತಾನೆ ನೋಡಿ. ಅವನು ವಿಚಾರಿಸುವುದು ಅಮ್ಮನನ್ನಲ್ಲ, ತಂಗಿಯನ್ನು ಎಂದಿದ್ದರೆ ನಿಮ್ಮ ಥೀಮ್ ಅಲ್ಲೇ ಬದಲಾಗುತ್ತದೆ, ಇನ್ನೂ ನಿಖರವಾಗುತ್ತದೆ. ಏನು ಬದಲಾಯಿತು, ಯಾಕೆ ಎಂದು ತಾರೀಕು ಹಾಕಿ ಮೆಮೊ ಬರೆದಿಡಿ.

ಇಡೀ ಸಂದರ್ಶನವನ್ನು ಎಐ ಚಾಟ್‌ಗೆ ಹಾಕಿ ಥೀಮ್ ಕೇಳುವ ಅಡ್ಡದಾರಿ ಬೇಡ. ಹೆಚ್ಚು ಜನ ಹೇಳಿದ್ದೇ ಮೇಲೆ ಬಂದು, ಆ ಒಬ್ಬಳು ಸುಲಭವಾಗಿ ಕಳೆದುಹೋಗುತ್ತಾಳೆ. ಅದೂ ಅಲ್ಲದೆ, ಮಾತಾಡಿದವರು ಇದಕ್ಕೆ ಒಪ್ಪಿಗೆ ಕೊಟ್ಟಿದ್ದರೇ?

ಹಂತ 5: ಗುಣಮಟ್ಟ ತೂಗಿ

ಸಂಶೋಧನಾ ವಿಧಾನಗಳ ತಜ್ಞರಾದ ಲಿಂಕನ್ ಮತ್ತು ಗೂಬಾ 1985ರಲ್ಲಿ ಇದಕ್ಕೆ ನಾಲ್ಕು ಅಳತೆ ಕೊಟ್ಟರು. ಹೇಳಿದ್ದು ನಂಬುವಂತಿದೆಯೇ, ಬೇರೆ ಕಡೆಗೆ ಹೊಂದುತ್ತದೆಯೇ ಎಂದು ಓದುಗರು ನಿರ್ಧರಿಸುವಷ್ಟು ವಿವರ ಇದೆಯೇ, ಕೆಲಸದ ಜಾಡು ಸಿಗುತ್ತದೆಯೇ, ತೀರ್ಮಾನ ಬಂದದ್ದು ದತ್ತಾಂಶದಿಂದಲೋ ಸಂಶೋಧಕರ ಒಲವಿನಿಂದಲೋ. ನಿಮ್ಮ ಮೆಮೊಗಳು ಇಲ್ಲಿ ಕೈಹಿಡಿಯುತ್ತವೆ. ಸಂದರ್ಶನ ಸಂಶೋಧನೆಯ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ ಕೋರೆಕ್ (COREQ) ಪಟ್ಟಿ 2007ರಲ್ಲಿ ಬಂತು. ಅದರ 32 ಅಂಶಗಳು ವರದಿ ಬರೆಯುವಾಗ ಉಪಯೋಗಕ್ಕೆ ಬರುತ್ತವೆ. ಆದರೆ 32ಕ್ಕೂ ಟಿಕ್ ಹಾಕಿದ ಮಾತ್ರಕ್ಕೆ ವಿಶ್ಲೇಷಣೆ ಆಳವಾಗುವುದಿಲ್ಲ.

‘12 ಸಂದರ್ಶನ ಸಾಕು’ ಎಂಬ ಮಾತನ್ನೂ ಹುಷಾರಾಗಿ ನೋಡಿ. 2006ರ ಒಂದು ಅಧ್ಯಯನದಿಂದ ಅದು ಹಬ್ಬಿತು. ಅಲ್ಲಿ ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳಿದ್ದವು. ಹೆಚ್ಚುಕಡಿಮೆ ಒಂದೇ ಬಗೆಯ ಗುಂಪು, ಎಲ್ಲರಿಗೂ ಒಂದೇ ರೀತಿಯ ಪ್ರಶ್ನೆ. ಮೊದಲ 12ರಲ್ಲೇ ಬಹುಪಾಲು ಕೋಡ್‌ಗಳು ಸಿಕ್ಕಿದ್ದವು. ನಿಮ್ಮ ಗುಂಪಿನಲ್ಲಿ ಹತ್ತು ಬಗೆಯ ಜನರಿದ್ದರೆ ಆ ಲೆಕ್ಕ ನಡೆಯದು.

ಬೇರೆಯವರ ಪ್ರಬಂಧ ಓದುವಾಗ ನಾನು ಮೊದಲು ನೋಡುವುದು ಹೇಳಿಕೆಗಳ ಪಕ್ಕದ ಗುರುತು ಸಂಖ್ಯೆಗಳನ್ನು, ಅಂದರೆ ಹೆಸರಿನ ಬದಲು ಮಾತಾಡಿದವರಿಗೆ ಕೊಟ್ಟ ಸಂಖ್ಯೆಗಳನ್ನು. ಒಂದು ಹಾಳೆಯಲ್ಲಿ ಅವನ್ನು ಎಣಿಸಿ ಬರೆಯಿರಿ. ಇಪ್ಪತ್ತು ಜನರಲ್ಲಿ ಮತ್ತೆ ಮತ್ತೆ ಮೂರೇ ಜನ ಮಾತಾಡುತ್ತಿದ್ದರೆ, ಉಳಿದ ಹದಿನೇಳು ಜನ ಏನು ಹೇಳಿದರು ಎಂದು ಕೇಳಿ.