ಹಾಸಿಗೆ ಹಿಡಿದವರ ಮಗ್ಗುಲು ಬದಲಾಯಿಸುವ ಸರಿಯಾದ ಕ್ರಮ

ದಾಖಲೆ ಹಾಳೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದ ಗುರುತುಗಳು ಸಾಲಾಗಿ ಇರುತ್ತವೆ. ಹೊದಿಕೆ ಸರಿಸಿ ನೋಡಿದರೆ ರೋಗಿಯ ಸೊಂಟದ ಕೆಳಗೆ ಹಾಸಿಗೆ ಹುಣ್ಣಿನ ಮುನ್ಸೂಚನೆಯಾದ ಕೆಂಪು ಕಲೆ ಮೂಡಿರುತ್ತದೆ. ಶುಶ್ರೂಷಕಿಯಾಗಿ ಪಾಳಿ ವಹಿಸಿಕೊಳ್ಳುವಾಗ ಇದನ್ನು ನಾನು ಅದೆಷ್ಟೋ ಬಾರಿ ಕಂಡಿದ್ದೇನೆ. ಗುರುತು ಹಾಕಿದವರು ಸುಳ್ಳು ಬರೆದಿರುವುದಿಲ್ಲ. ರೋಗಿಯನ್ನು ಅವರು ತಿರುಗಿಸಿಯೇ ಇರುತ್ತಾರೆ. ಆದರೆ ಬೆನ್ನಿಗೆ ಕೊಟ್ಟ ದಿಂಬು ಅರ್ಧ ಗಂಟೆಯೊಳಗೆ ಜಾರಿ, ರೋಗಿ ಮತ್ತೆ ಅದೇ ಮೂಳೆಯ ಮೇಲೆ ಭಾರ ಬಿಟ್ಟು ಮಲಗಿರುತ್ತಾರೆ.

ಮೊದಲು ಅಪಾಯ ಎಷ್ಟಿದೆ ಎಂದು ಅಳೆಯಬೇಕು. 1987ರಲ್ಲಿ ಬಂದ ಬ್ರೇಡನ್ ಮಾಪಕವು ಸ್ಪರ್ಶಜ್ಞಾನ, ತೇವ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ಅಂಶಗಳಿಗೆ ಒಟ್ಟು 6ರಿಂದ 23ರವರೆಗೆ ಅಂಕ ಕೊಡುತ್ತದೆ. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಹಾಸಿಗೆ ಹುಣ್ಣಿನ ಅಪಾಯವಿದೆ ಎಂದು ಎಣಿಸಲಾಗುತ್ತದೆ. ಅಂಕ ಎಷ್ಟೇ ಇರಲಿ, ಚರ್ಮವನ್ನು ಕಣ್ಣಾರೆ ನೋಡದೆ ಮುಂದುವರಿಯಬಾರದು. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಮಾಸದಿದ್ದರೆ ಹುಣ್ಣಿನ ಮೊದಲ ಘಟ್ಟ ಆರಂಭವಾಗಿದೆ. ಕಪ್ಪು ಚರ್ಮದವರಲ್ಲಿ ಕೆಂಪು ಕಾಣದಿರುವುದೇ ಹೆಚ್ಚು. ಅವರಲ್ಲಿ ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು.

ಕೆಂಪಾದ ಜಾಗವನ್ನು ತಿಕ್ಕಿ ಮಾಲೀಶು ಮಾಡುವ ಅಭ್ಯಾಸವನ್ನು ಇಂದೇ ಬಿಡಿ. ಒಳಗೆ ಆಗಲೇ ನಲುಗಿರುವ ಅಂಗಾಂಶ ಅದರಿಂದ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ಉಂಗುರದಂಥ ಗಾಳಿದಿಂಬನ್ನೂ ನಾನು ಹತ್ತಿರ ಸೇರಿಸುವುದಿಲ್ಲ. ಅದು ತೂತಿನ ಅಂಚಿನ ಸುತ್ತ ಒತ್ತಡ ಹಾಕಿ, ನಡುವಿನ ಚರ್ಮಕ್ಕೆ ಬರಬೇಕಾದ ರಕ್ತವನ್ನೇ ತಡೆಯುತ್ತದೆ. ಕೈಗವಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವ ಉಪಾಯವೂ ಅಷ್ಟೇ ನಿಷ್ಪ್ರಯೋಜಕ.

ಇನ್ನು ಹೊರಳಿಸುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲಿಯೇ. ಇಬ್ಬರು ಬೇಕು, ಒಬ್ಬರೇ ಮಾಡಹೊರಟರೆ ರೋಗಿಯ ಕಂಕುಳಿಗೆ ಕೈ ಹಾಕಿ ಎಳೆಯುವುದು ಅನಿವಾರ್ಯವಾಗುತ್ತದೆ. ಹಾಗೆ ಎಳೆದಾಗ ಚರ್ಮ ಹಾಸುಬಟ್ಟೆಗೆ ಅಂಟಿ ಅಲ್ಲಿಯೇ ಉಳಿಯುತ್ತದೆ, ಮೂಳೆ ಮಾತ್ರ ಮುಂದೆ ಸರಿಯುತ್ತದೆ, ನಡುವಿನ ರಕ್ತನಾಳಗಳು ಜಗ್ಗಿ ಹರಿಯುತ್ತವೆ. ಆದ್ದರಿಂದ ಮಂಚದ ಚಕ್ರಗಳಿಗೆ ಬ್ರೇಕ್ ಹಾಕಿ, ಅದನ್ನು ನಿಮ್ಮ ಸೊಂಟದ ಎತ್ತರಕ್ಕೆ ತಂದು, ಉಸಿರಾಟಕ್ಕೆ ತೊಂದರೆಯಾಗದಿದ್ದರೆ ತಲೆಯ ಭಾಗವನ್ನು ಸಮತಟ್ಟಾಗಿಸಿ. ಮೂತ್ರದ ಚೀಲವನ್ನು ರೋಗಿ ತಿರುಗಲಿರುವ ಬದಿಗೆ ಮೊದಲೇ ದಾಟಿಸಿ, ತಿರುಗಿಸುವಾಗ ಎಳೆಯದಷ್ಟು ನಳಿಕೆಗಳು ಸಡಿಲವಾಗಿವೆಯೇ ನೋಡಿಕೊಳ್ಳಿ. ಏನು ಮಾಡಲಿದ್ದೀರಿ ಎಂಬುದನ್ನು ರೋಗಿಗೆ ಹೇಳಿ. ಪ್ರಜ್ಞೆ ಇಲ್ಲದವರಿಗೂ ಹೇಳಿ.

ಭುಜದಿಂದ ತೊಡೆಯವರೆಗೆ ಬರುವಂತೆ ಅಡ್ಡಲಾಗಿ ಹಾಸಿದ ಬಟ್ಟೆಯ ಅಂಚುಗಳನ್ನು ಇಬ್ಬರೂ ರೋಗಿಯ ಮೈಗೆ ತಾಗುವಷ್ಟು ಹತ್ತಿರಕ್ಕೆ ಸುತ್ತಿ ಹಿಡಿಯಬೇಕು. ಬಲಮಗ್ಗುಲಿಗೆ ತಿರುಗಿಸಬೇಕಿದ್ದರೆ ಮೊದಲು ರೋಗಿಯನ್ನು ಬಟ್ಟೆಯ ಸಮೇತ ಮೇಲೆತ್ತಿ ಮಂಚದ ಎಡಬದಿಗೆ ಸರಿಸಬೇಕು. ಇದನ್ನು ಮರೆತರೆ ತಿರುಗಿದ ಮೇಲೆ ಅವರ ಮುಖ ಅಂಚಿನ ಕಂಬಿಗೆ ತಾಗುತ್ತದೆ, ಆಗ ಮತ್ತೆ ಹಿಂದಕ್ಕೆ ಎಳೆಯುವ ಕೆಲಸ ಶುರುವಾಗುತ್ತದೆ. ಬಳಿಕ ಬಲಗೈಯನ್ನು ಮೈಯಿಂದ ದೂರಕ್ಕೆ ಚಾಚಿ, ಎಡಗೈಯನ್ನು ಎದೆಯ ಮೇಲಿಟ್ಟು, ಎಡ ಮೊಣಕಾಲು ಮಡಿಸಿ, ಒಂದೇ ಎಣಿಕೆಗೆ ಭುಜ ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಿ. ಬೆನ್ನುಮೂಳೆಗೆ ಪೆಟ್ಟಾದವರ ವಿಷಯದಲ್ಲಿ ಈ ವಿಧಾನ ಸಲ್ಲದು; ವೈದ್ಯರ ಸೂಚನೆಯಿಲ್ಲದೆ ಅವರನ್ನು ಹೊರಳಿಸಬೇಡಿ.

ಪೂರ್ತಿ 90 ಡಿಗ್ರಿ ತಿರುಗಿಸಿದರೆ ಕೆಲಸ ಅಚ್ಚುಕಟ್ಟಾಯಿತೆಂದು ಹಲವರು ತಿಳಿಯುತ್ತಾರೆ. ಆಗ ಭಾರವೆಲ್ಲ ತೊಡೆಯ ಮೇಲ್ತುದಿಯ ಉಬ್ಬಿದ ಮೂಳೆಯ ಮೇಲೆ ಬೀಳುತ್ತದೆ. 30 ಡಿಗ್ರಿಯಷ್ಟು ಓರೆ ಸಾಕು. ದಿಂಬನ್ನು ಭುಜದಿಂದ ಪೃಷ್ಠದವರೆಗೆ ಉದ್ದುದ್ದಕ್ಕೆ ಇಟ್ಟು, ಅದರ ಹೊರ ಅಂಚನ್ನು ಹಾಸುಬಟ್ಟೆಯೊಳಗೆ ಸಿಕ್ಕಿಸಿ. ಆಗ ಅದು ಜಾರುವುದಿಲ್ಲ. ಸೊಂಟದ ಕೆಳಗಿನ ಮೂಳೆಯ ಅಡಿಗೆ ನಿಮ್ಮ ಅಂಗೈ ಸಲೀಸಾಗಿ ತೂರಿದರೆ ಸರಿಯಾಗಿದೆ, ತೂರದಿದ್ದರೆ ಇನ್ನೊಮ್ಮೆ ಸರಿಪಡಿಸಿ. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಉದ್ದಕ್ಕೂ ಇನ್ನೊಂದು. ಹಿಮ್ಮಡಿ ಯಾವುದಕ್ಕೂ ತಾಗದೆ ತೇಲುತ್ತಿರಬೇಕು. ಅಡಿಯಲ್ಲಿ ಸಿಕ್ಕಿದ ನಳಿಕೆ, ಕಿವಿಯ ಹಿಂದೆ ಒತ್ತುವ ಆಮ್ಲಜನಕದ ಕೊಳವೆ, ಬಟ್ಟೆಯ ನೆರಿಗೆ, ಇವುಗಳನ್ನು ಕೊನೆಗೆ ಒಮ್ಮೆ ಕೈಯಾಡಿಸಿ ನೋಡಿ.

ಊಟದ ಹೊತ್ತಿಗೂ ಅದರ ನಂತರದ ಸ್ವಲ್ಪ ಹೊತ್ತಿಗೂ ಬಿಟ್ಟು ತಲೆಯ ಭಾಗವನ್ನು 30 ಡಿಗ್ರಿಗಿಂತ ಮೇಲೆ ಏರಿಸದಿರುವುದು ಒಳ್ಳೆಯದು. ಏರಿಸಲೇಬೇಕಾದರೆ ಮೊದಲು ಮೊಣಕಾಲಿನ ಭಾಗವನ್ನು ಎತ್ತಿ, ಆಗ ರೋಗಿ ಕೆಳಗೆ ಜಾರುವುದಿಲ್ಲ.

ಎರಡು ಗಂಟೆ ಎಂಬುದು ಆರಂಭದ ಅಂದಾಜು ಮಾತ್ರ. ಎರಡು ಗಂಟೆಯ ಬಳಿಕ ಕೆಂಪು ಉಳಿದುಕೊಂಡರೆ ಅಂತರವನ್ನು ಕಡಿಮೆ ಮಾಡಿ. ಏರ್ ಬೆಡ್ ಇದೆಯೆಂದು ಹೊರಳಿಸುವುದನ್ನು ನಿಲ್ಲಿಸಬಾರದು. ಅದರ ಮೇಲೆ ನಾಲ್ಕು ಪದರ ಬಟ್ಟೆ, ರಬ್ಬರ್ ಹಾಳೆ ಹಾಸಿದರೆ ಕೊಟ್ಟ ಹಣ ನೀರಿಗೆ ಹೋದಂತೆ. ಒಂದೇ ತೆಳು ಬಟ್ಟೆ ಸಾಕು.

ಚರ್ಮ ಒದ್ದೆಯಾದ ಕೂಡಲೇ ಒರೆಸಿ ಒಣಗಿಸಿ, ತೇವ ತಡೆಯುವ ಮುಲಾಮು ಹಚ್ಚಿ. ಪೌಡರ್ ಬೇಡ, ಬೆವರಿನೊಂದಿಗೆ ಸೇರಿ ಉಂಡೆಗಟ್ಟುತ್ತದೆ. ಮೂತ್ರಪಿಂಡದ ತೊಂದರೆಯಿಲ್ಲದವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ ಪ್ರೋಟೀನ್ ಸಿಗುವಂತೆ ಆಹಾರತಜ್ಞರೊಡನೆ ಮಾತನಾಡಿ.

ಕೊನೆಯದಾಗಿ ಬರವಣಿಗೆ. ಗುರುತು ಹಾಕಿ ಮುಗಿಸದೆ, "2 ಗಂಟೆ, ಎಡ ಮಗ್ಗುಲು, ಬಲ ಹಿಮ್ಮಡಿ ಕೆಂಪಾಗಿದೆ, ಒತ್ತಿದಾಗ ಬಿಳಿಚಿತು" ಎಂದು ಬರೆಯಿರಿ. ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಮಂಚದ ಬಳಿ ನಿಂತು, ಪರದೆ ಎಳೆದು, ಆ ಹಿಮ್ಮಡಿಯನ್ನು ಇಬ್ಬರೂ ಒತ್ತಿ ನೋಡಿದ ನಂತರವೇ ಹಾಳೆಗೆ ಸಹಿ ಹಾಕಬೇಕು.