ಗಾಜಿನ ಚಪ್ಪರವನ್ನು ಕಣ್ತುಂಬ ನೋಡುವುದು ಹೇಗೆ?

ಅಮೆರಿಕದ ಟಕೋಮಾದಲ್ಲಿ ಗಾಜಿನ ಸೇತುವೆ ಎಂದೇ ಹೆಸರಾದ ಕಾಲುಸೇತುವೆ ಇದೆ. ಅದರ ಮೇಲೆ ಗಾಜಿನ ಕಲಾವಿದ ಡೇಲ್ ಚಿಹೂಲಿಯವರ ಒಂದು ಚಪ್ಪರ. ತಲೆ ಮೇಲಿನ ಗಾಜಿನ ಹಾಸಿನಲ್ಲಿ 2,364 ಬಣ್ಣದ ಗಾಜಿನ ಆಕೃತಿಗಳನ್ನು ಪೇರಿಸಿದ್ದಾರೆ. ಚಿಪ್ಪು, ಕಡಲ ಹೂವು, ಜೆಲ್ಲಿ ಮೀನು, ಏನೇನೋ ಕಾಣುತ್ತದೆ. ಬಂದವರು ತಲೆ ಎತ್ತಿ ‘ಅಬ್ಬಾ’ ಅನ್ನುತ್ತಾರೆ, ಫೋಟೊ ತೆಗೆದು ಹೊರಟುಬಿಡುತ್ತಾರೆ. ಸ್ವಲ್ಪ ತಡೀರಿ.

ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗಬೇಡಿ, ಕಣ್ಣು ಸೋಲುತ್ತದೆ. ಒಂದೇ ಒಂದು ತುಂಡು ಆರಿಸಿಕೊಳ್ಳಿ. ಚಿಕ್ಕದಾದಷ್ಟೂ ಒಳ್ಳೆಯದು. ಈ ಉಪಾಯ ನನಗೆ ಸಿಕ್ಕಿದ್ದು 2003ರ ‘ಫೈಂಡಿಂಗ್ ನೀಮೊ’ ಸಿನಿಮಾದಿಂದ. ಮಕ್ಕಳ ಸಿನಿಮಾ ಅಂತ ನಗಬೇಡಿ. ಅದರಲ್ಲಿ ಜೆಲ್ಲಿ ಮೀನುಗಳ ಹಿಂಡು ಬರುತ್ತದಲ್ಲ, ನೆನಪಿದೆಯಾ? ಮೊದಲು ಕಾಣುವುದು ಡೋರಿ ಅನ್ನುವ ನೀಲಿ ಮೀನಿಗಿಂತ ಚಿಕ್ಕದಾದ ಒಂದೇ ಒಂದು ಗುಲಾಬಿ ಮರಿ. ಅವಳು ಅದಕ್ಕೆ ಹೆಸರಿಟ್ಟು ಮುದ್ದು ಮಾಡುತ್ತಾಳೆ, ಕುಟುಕಿಸಿಕೊಳ್ಳುತ್ತಾಳೆ. ಆಮೇಲೆ ನೋಡಿದರೆ ಸುತ್ತಲೂ ಅವೇ! ಆ ಮರಿಯನ್ನು ಮೊದಲು ತೋರಿಸದೆ ಇದ್ದಿದ್ದರೆ ಅಷ್ಟು ದೊಡ್ಡ ಹಿಂಡು ನನಗೆ ಬರೀ ಗುಲಾಬಿ ಬಣ್ಣವಾಗಿ ಉಳಿಯುತ್ತಿತ್ತು. ಈಗಲೂ ಆ ಜಾಗ ಬಂದಾಗ ಎದೆ ಡವಡವ ಅನ್ನುತ್ತದೆ. ನೋಡಲು ಅಷ್ಟು ಚೆಂದ, ಮುಟ್ಟಿದರೆ ಉರಿ.

ಸರಿ, ಆರಿಸಿಕೊಂಡ ತುಂಡಿನ ಅಂಚು ನೋಡಿ. ಎಷ್ಟೋ ತುಂಡುಗಳ ಬಾಯಿಯ ಸುತ್ತ ಬೇರೆ ಬಣ್ಣದ ತೆಳು ಎಳೆ ಇರುತ್ತದೆ. ಮೈಮೇಲೆ ಸಾಲಾಗಿ ಏಣುಗಳು ಕಾಣಬಹುದು. ಬಿಸಿ ಗಾಜನ್ನು ಏಣಿರುವ ಅಚ್ಚಿನೊಳಗೆ ಊದಿದಾಗ ಮೂಡುವುದು ಅದು. ಅಂದ ಒಂದು ಕಡೆ ಇರಲಿ, ಅಷ್ಟು ತೆಳು ಗಾಜಿಗೆ ಗಟ್ಟಿತನ ಕೊಡುವುದೂ ಆ ಏಣುಗಳೇ. ಈಗ ಪಕ್ಕದ ತುಂಡಿಗೆ ಹೋಗಿ, ಆಮೇಲೆ ಅದರ ಪಕ್ಕದ್ದಕ್ಕೆ. ಒಂದರ ಮೇಲೊಂದು ಬಿದ್ದಲ್ಲಿ ಬಣ್ಣ ಗಾಢವಾಗುತ್ತದೆ. ಬೆಳಕು ಆಕಾಶದಿಂದ ಬರುವುದರಿಂದ ಮೋಡ ಕವಿದರೆ ಎಲ್ಲ ಮಂಕು. ಬಿಸಿಲು ಬರುವ ತನಕ ಸುಮ್ನೆ ನಿಂತಿರಿ, ನಷ್ಟವಿಲ್ಲ.

ಅಲ್ಲೇ ಇರುವ ಎರಡು ತಿಳಿನೀಲಿ ಗೋಪುರಗಳಿಗೆ, ನನ್ನ ಪ್ರಕಾರ, ಜಾಸ್ತಿ ಹೊತ್ತು ಬೇಡ. ದೂರದಿಂದ ಚೆನ್ನ. ಅವು ಗಾಜೂ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್.

ಆ ಹೊತ್ತನ್ನು ಸೇತುವೆ ತುದಿಯ ಗಾಜಿನ ಮ್ಯೂಸಿಯಂಗೆ ಉಳಿಸಿಕೊಳ್ಳಿ. ಅಲ್ಲಿ ಗಾಜು ಊದುವುದನ್ನು ಕೂತು ನೋಡಬಹುದು. ಕೊಳವೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಮುದ್ದೆ ಜೇನಿನ ಹಾಗೆ ಜಾರುತ್ತಿರುತ್ತದೆ. ಕೊಳವೆ ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಜೋತು ಬೀಳುತ್ತದೆ. ಚಿಹೂಲಿ 1976ರ ಕಾರು ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡರು. 1979ರಲ್ಲಿ ಭುಜಕ್ಕೆ ಪೆಟ್ಟಾದ ಮೇಲೆ ಕೊಳವೆ ಬಿಟ್ಟು, ತಂಡಕ್ಕೆ ಹೇಳಿ ಮಾಡಿಸತೊಡಗಿದರು. ಅದು ಹೇಗೆ ಸಾಧ್ಯ ಅನ್ನೋದು ಇಲ್ಲಿ ಕೂತರೆ ಗೊತ್ತಾಗುತ್ತದೆ. ಒಬ್ಬರು ಊದುತ್ತಾರೆ, ಒಬ್ಬರು ತಿರುಗಿಸುತ್ತಾರೆ, ಇನ್ನೊಬ್ಬರು ಬಣ್ಣದ ಗಾಜು ಹಿಡಿದು ಓಡಿ ಬರುತ್ತಾರೆ. ಮುಗಿದದ್ದನ್ನು ನಿಧಾನವಾಗಿ ಆರಲು ಬೇರೆ ಗೂಡಿನಲ್ಲಿ ಇಡುತ್ತಾರೆ. ಅಲ್ಲಿಯವರೆಗೂ ಎದ್ದು ಬರಬೇಡಿ. ಗೂಡಿನ ಬಾಗಿಲಿಗೆ ಬಂದ ಮೇಲೂ ಬಿದ್ದು ಒಡೆಯುವುದುಂಟು.